ಮೊಸಸಾರಸ್‌ಗೆ ‘ಕಡಲ ಮೊಸಳೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಡೈನೋಸಾರ್‌ಗಳ ಕಾಲದಲ್ಲಿ ಕಡಲಲ್ಲಿ ಬದುಕಿ ಅಳಿದುಹೋದ ದೊಡ್ಡ ಸರೀಸೃಪ ಮೊಸಸಾರಸ್ ಬಗ್ಗೆ ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಕರಡು ಓದಿದ ಗೆಳೆಯರೊಬ್ಬರು, ಆ ಹೆಸರು ತೆಗೆದು ಎಲ್ಲ ಕಡೆ ‘ಕಡಲ ಮೊಸಳೆ’ ಅಂತ ಹಾಕಿ ಎನ್ನುತ್ತಾರೆ. ಮೊಸ, ಮೊಸಳೆ ಎರಡೂ ಕಿವಿಗೆ ಹೊಂದುತ್ತವೆ ಅನ್ನುವುದು ಅವರ ವಾದ. ನನಗೇಕೋ ಸರಿ ಕಾಣುತ್ತಿಲ್ಲ.

ಆ ‘ಮೊಸ’ಕ್ಕೂ ನಮ್ಮ ಮೊಸಳೆಗೂ ನಂಟೇ ಇಲ್ಲ. ಅದು ಹೊಳೆಯ ಹೆಸರು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ಊರಿನ ಹತ್ತಿರದ ಸುಣ್ಣಕಲ್ಲಿನ ಗಣಿಯಲ್ಲಿ 18ನೇ ಶತಮಾನದಲ್ಲಿ ಇದರ ತಲೆಬುರುಡೆ ಸಿಕ್ಕಿತು. ಅಲ್ಲಿ ಹರಿಯುವ ಮ್ಯೂಸ್ ಹೊಳೆಗೆ ಲ್ಯಾಟಿನ್ನಿನಲ್ಲಿ ‘ಮೊಸ’ ಎನ್ನುತ್ತಾರೆ. ‘ಸಾರಸ್’ ಬಂದದ್ದು ಹಲ್ಲಿ ಎಂಬ ಅರ್ಥದ ಗ್ರೀಕ್ ಪದದಿಂದ. 1822ರಲ್ಲಿ ಇಂಗ್ಲೆಂಡಿನ ಭೂವಿಜ್ಞಾನಿ ವಿಲಿಯಂ ಕಾನಿಬೇರ್ ಎರಡನ್ನೂ ಕೂಡಿಸಿದರು. (ದೀರ್ಘ ಎಳೆದು ‘ಮೋಸಸಾರಸ್’ ಎಂದು ಬರೆದರೆ ಮೋಸ ಮಾಡುವ ಸಾರಸ ಹಕ್ಕಿಯಾಗುತ್ತದೆ, ಅದು ಬೇರೆ ಮಾತು!)

ಇದನ್ನು ಮೊಸಳೆ ಅಂದುಕೊಂಡವರು ಆಗಲೂ ಇದ್ದರು. ಡಚ್ ಅಂಗರಚನಾ ತಜ್ಞ ಪೀಟ್ರಸ್ ಕ್ಯಾಂಪರ್ ತಿಮಿಂಗಿಲ ಎಂದರು. ಉಡದ ಹೋಲಿಕೆ ಕಂಡದ್ದು ಅವರ ಮಗ ಆಡ್ರಿಯಾನ್‌ಗೆ. 1808ರಲ್ಲಿ ಫ್ರಾನ್ಸಿನ ಪ್ರಾಣಿವಿಜ್ಞಾನಿ ಕುವಿಯೆ ಕೂಡ ಅದನ್ನೇ ಒಪ್ಪಿದರು. ಅಷ್ಟು ಹಿಂದೆ ಬಿಟ್ಟ ತಪ್ಪನ್ನು ನಾವು ಒಂದು ಪದದ ಮೂಲಕ ಮತ್ತೆ ತರುವುದು ಯಾಕೆ? ಜೊತೆಗೆ, ಉಪ್ಪುನೀರಿನ ಮೊಸಳೆ ಇವತ್ತಿಗೂ ಬದುಕಿದೆ. ‘ಕಡಲ ಮೊಸಳೆ’ ಅಂದರೆ ಓದುವವರಿಗೆ ನೆನಪಾಗುವುದು ಅದೇ ಅಲ್ವಾ? ಡೈನೋಸಾರ್ ಅನ್ನುವಂತೆಯೂ ಇಲ್ಲ. ಕಾಲ ಒಂದೇ, ಬಳಗ ಬೇರೆ.

ನನಗೆ ತೋಚಿದ ಪದ ‘ಕಡಲುಡ’. ಇದು ಉಡ, ಹಾವುಗಳ ನಂಟಿನ ಪ್ರಾಣಿ. ಹಾಗಾಗಿ ‘ಕಡಲ ಹಲ್ಲಿ’ಗಿಂತ ಇದೇ ಹತ್ತಿರ. ಹತ್ತು ಮೀಟರಿಗೂ ಉದ್ದದ ಬೇಟೆಗಾರನನ್ನು ಹಲ್ಲಿ ಅನ್ನಲು ಬಾಯಿಯೂ ಬರುವುದಿಲ್ಲ. ಆದರೆ ಉಡ ಎಂದೊಡನೆ ನಮಗೆ ನೆನಪಾಗುವುದು ಉಗುರಿನ ಪಟ್ಟು. ಇದಕ್ಕಿದ್ದದ್ದು ದೋಣಿಯ ಹುಟ್ಟಿನಂಥ ಈಜುಗಾಲು. ಪಟ್ಟೆಲ್ಲ ಬಾಯಲ್ಲೇ: ದವಡೆಯಲ್ಲಷ್ಟೇ ಅಲ್ಲ, ಅಂಗುಳಿನಲ್ಲೂ ಹಲ್ಲು. ಹಿಡಿದ ಬೇಟೆ ಜಾರುವಂತಿರಲಿಲ್ಲ.

ಇನ್ನೊಂದು ತೊಡಕಿದೆ. ಮೊಸಸಾರಸ್ ಒಂದು ಕುಲದ (ಜೀನಸ್) ಹೆಸರು. ಟೈಲೋಸಾರಸ್‌ನಂಥ ಬೇರೆ ಕುಲಗಳೂ ಅದೇ ಬಳಗದವು. ಕುಲದ ಹೆಸರನ್ನು ಹಾಗೇ ಉಳಿಸಿಕೊಂಡು, ಇಡೀ ಬಳಗಕ್ಕೆ ‘ಕಡಲುಡಗಳು’ ಅಂದರೆ ಹೇಗೆ? ಸಂಧಿ ಮಾಡಿದರೆ ಮಕ್ಕಳಿಗೆ ತಿಳಿಯುತ್ತದೋ, ‘ಕಡಲ ಉಡ’ ಎಂದು ಬಿಡಿಸಿಯೇ ಬರೆಯಲೋ? ಇದಕ್ಕಿಂತ ಒಳ್ಳೆಯ ಪದ ಈಗಾಗಲೇ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.