ಊರಿಗೆ ನಾಲ್ಕು ಸೀಟು, ಅದಕ್ಕೆ ಯಾವ ಕಾರ್ಡ್?

ಮಕ್ಕಳನ್ನು ಊರಿಗೆ ಕರೆದುಕೊಂಡು ಹೋಗುವ ಖರ್ಚಿಗೆ ಯಾವ ಕ್ರೆಡಿಟ್ ಕಾರ್ಡ್ ಒಳ್ಳೆಯದು ಅಂತ ಅಮೆರಿಕಕ್ಕೆ ಹೊಸದಾಗಿ ಬಂದವರು ಕೇಳ್ತಾ ಇರುತ್ತಾರೆ. ನಮ್ಮ ಮನೆಯ ಅನುಭವ ಹೇಳುತ್ತೇನೆ.

ನಾವು ನ್ಯೂಜೆರ್ಸಿಯಲ್ಲಿದ್ದೇವೆ, ಇಬ್ಬರು ಮಕ್ಕಳು. ಮಗುವಿಗೆ ಎರಡು ವರ್ಷ ತುಂಬುವವರೆಗೆ ತೊಡೆ ಮೇಲೆ ಕೂರಿಸಿಕೊಂಡು ಹೋಗಬಹುದು. ಆಮೇಲೆ ಅದಕ್ಕೂ ಸ್ವಂತ ಸೀಟು ಬೇಕು. ಚಿಕ್ಕವನಿಗೆ ಎರಡು ತುಂಬಿದ ವರ್ಷ ಬೇಸಿಗೆ ರಜೆಯ ನಾಲ್ಕು ಟಿಕೆಟ್ ಬೆಲೆ ನೋಡಿ ಹೋಗುವುದನ್ನೇ ಬಿಟ್ಟೆವು. ಸಾಗರದಲ್ಲಿ ಅಮ್ಮ ಮೇ ತಿಂಗಳಲ್ಲೇ ಹಲಸಿನ ಹಪ್ಪಳ ಒಣಗಿಸಿ, ಮೊಮ್ಮಕ್ಕಳಿಗೆ ಅಂತ ಡಬ್ಬಿ ತುಂಬಿಸಿ ಇಟ್ಟಿದ್ದರು. ಫೋನಿನಲ್ಲಿ ಆ ಡಬ್ಬಿ ತೋರಿಸಿದರು. ಅವತ್ತು ರಾತ್ರಿಯೇ ನಾನು, ಕಾರ್ಡ್ ಖರ್ಚಿಗೆ ಸಿಗುವ ಪಾಯಿಂಟ್‌ನಿಂದ ವಿಮಾನದ ಟಿಕೆಟ್ ತೆಗೆಯುವ ಈ ಲೆಕ್ಕ ಕಲಿಯಲು ಕೂತಿದ್ದು.

ಮೊದಲ ಮಾತು. ಪ್ರತಿ ತಿಂಗಳು ಬಿಲ್ ಪೂರ್ತಿ ಕಟ್ಟುವವರಿಗೆ ಮಾತ್ರ ಇದು ಲಾಭ. ಇಲ್ಲಿನ ಕಾರ್ಡ್ ಬಡ್ಡಿ ಸಾಮಾನ್ಯವಾಗಿ ವರ್ಷಕ್ಕೆ ಶೇ. 20ಕ್ಕಿಂತ ಜಾಸ್ತಿ. ಬಾಕಿ ಉಳಿಸಿಕೊಂಡರೆ ಯಾವ ಪಾಯಿಂಟೂ ಅದನ್ನು ತುಂಬಿಕೊಡುವುದಿಲ್ಲ.

ಆಮೇಲೆ ಮನೆ ದುಡ್ಡು ಎಲ್ಲಿ ಹೋಗುತ್ತದೆ ನೋಡಿ. ನಮ್ಮಲ್ಲಿ ಜಾಸ್ತಿ ಹೋಗುವುದು ದಿನಸಿಗೆ. ಅಮೆಕ್ಸ್ (ಅಮೆರಿಕನ್ ಎಕ್ಸ್‌ಪ್ರೆಸ್) ಗೋಲ್ಡ್ ಕಾರ್ಡ್ ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಡಾಲರಿಗೆ 4 ಪಾಯಿಂಟ್ ಕೊಡುತ್ತದೆ. ತಿಂಗಳಿಗೆ 1,000 ಡಾಲರ್ ದಿನಸಿ ಅಂದರೆ ವರ್ಷಕ್ಕೆ 48,000 ಪಾಯಿಂಟ್. ಕ್ಯಾಪಿಟಲ್ ಒನ್ ಬ್ಯಾಂಕಿನ ವೆಂಚರ್ ಕಾರ್ಡ್‌ನಲ್ಲಿ ಎಲ್ಲ ಖರ್ಚಿಗೂ ಡಾಲರಿಗೆ 2, ಅಂದರೆ ಅದೇ ದಿನಸಿಗೆ 24,000. ಆದರೆ ಗೋಲ್ಡ್‌ನ ವಾರ್ಷಿಕ ಶುಲ್ಕ 325 ಡಾಲರ್, ವೆಂಚರ್‌ದು 95. ಗೋಲ್ಡ್‌ನಲ್ಲಿ ಊಬರ್‌ಗೆ, ಕೆಲವು ಹೋಟೆಲ್ ಊಟಕ್ಕೆ ಅಂತ ತಿಂಗಳಿಗೆ ತಲಾ 10 ಡಾಲರ್‌ನಂತೆ ವಾಪಸ್ ಬರುತ್ತದೆ. ಹೇಗೂ ಖರ್ಚು ಮಾಡುವವರಿಗೆ ಸರಿ. ಅದಕ್ಕೋಸ್ಕರ ಸುಮ್ನೆ ಹೊರಗೆ ತಿಂದರೆ ನಷ್ಟವೇ.

ಇನ್ನೊಂದು ವಿಷಯ, ಕಾಸ್ಟ್‌ಕೋ ಅಂಗಡಿಗಳಲ್ಲಿ ಅಮೆಕ್ಸ್ ನಡೆಯುವುದಿಲ್ಲ, ಕ್ರೆಡಿಟ್ ಕಾರ್ಡ್‌ಗಳಲ್ಲಿ ವೀಸಾ ಕಂಪನಿಯದ್ದು ಮಾತ್ರ. ಅಕ್ಕಿ, ಹಾಲು, ಡಯಾಪರ್ ಎಲ್ಲ ಅಲ್ಲಿಂದಲೇ ತರುವವರಿಗೆ ಗೋಲ್ಡ್ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಹೊರಗಿನ ಊಟ, ಪ್ರಯಾಣ ಜಾಸ್ತಿ ಇದ್ದರೆ 95 ಡಾಲರ್ ಶುಲ್ಕದ ಚೇಸ್ ಸಫೈರ್ ಪ್ರಿಫರ್ಡ್ ಸಾಕು. ಈ ಮೂರರಲ್ಲೂ ಊರಲ್ಲಿ ಉಜ್ಜಿದರೆ ವಿದೇಶಿ ವಹಿವಾಟಿನ ಶುಲ್ಕವಿಲ್ಲ. ಬೇರೆ ಎಷ್ಟೋ ಕಾರ್ಡ್‌ಗಳು ಶೇ. 3 ಹಿಡಿಯುತ್ತವೆ. ಮಕ್ಕಳಿಗೆ ರೇಷ್ಮೆ ಲಂಗ ತೆಗೆಯುವಾಗ ಅದು ಗೊತ್ತಾಗುತ್ತದೆ.

ಆದರೆ ನನ್ನ ಪ್ರಕಾರ ಕಾರ್ಡಿಗಿಂತ ಮುಖ್ಯ, ಪಾಯಿಂಟನ್ನು ಎಲ್ಲಿಗೆ ಕಳಿಸುತ್ತೀರಿ ಅನ್ನುವುದು. ಮೂರೂ ಕಾರ್ಡ್‌ಗಳ ಪಾಯಿಂಟ್ ಏರ್ ಫ್ರಾನ್ಸ್–ಕೆಎಲ್‌ಎಂ ಏರ್‌ಲೈನ್‌ಗಳ ಫ್ಲೈಯಿಂಗ್ ಬ್ಲೂ ಯೋಜನೆಗೆ ಹೋಗಿ, ಟಿಕೆಟ್ ತೆಗೆಯುವ ಮೈಲ್ ಆಗುತ್ತದೆ. ಪ್ಯಾರಿಸ್‌ನಿಂದಲೂ ಆಮ್‌ಸ್ಟರ್‌ಡ್ಯಾಮ್‌ನಿಂದಲೂ ಬೆಂಗಳೂರಿಗೆ ಅವರ ವಿಮಾನ ಇದೆ. ಅಲ್ಲಿ 2ರಿಂದ 11 ವರ್ಷದ ಮಕ್ಕಳಿಗೆ ಮೈಲ್‌ಗಳಲ್ಲಿ ಶೇ. 25 ಕಡಿಮೆ. ಇಬ್ಬರು ಮಕ್ಕಳಿದ್ದರೆ ಅರ್ಧ ಟಿಕೆಟ್ ಉಳಿದ ಹಾಗೆ ಅಲ್ವಾ? ಕೈಗೂಸು ಇರುವವರು ಏರ್ ಕೆನಡಾದ ಇಂಥದ್ದೇ ಯೋಜನೆ ಏರೋಪ್ಲಾನ್ ನೋಡಿ. ತೊಡೆ ಮೇಲಿನ ಮಗುವಿಗೆ 25 ಕೆನಡಾ ಡಾಲರ್ ಅಥವಾ 2,500 ಪಾಯಿಂಟ್ ಅಷ್ಟೇ. ಬೇರೆ ಕಡೆ ದೊಡ್ಡವರ ಟಿಕೆಟ್ ಬೆಲೆಯ ಶೇ. 10ರಷ್ಟು ಕೇಳುವುದುಂಟು.

ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೊದಲ ಸಲ ಮೈಲ್‌ಗೆ ಸಿಗುವ ಸೀಟು ಎಷ್ಟಿದೆ ನೋಡದೆ ಪಾಯಿಂಟ್ ಕಳಿಸಿಬಿಟ್ಟೆ. ನಮ್ಮ ತಾರೀಖಿಗೆ ಅಲ್ಲಿ ಇದ್ದದ್ದು ಎರಡೇ ಸೀಟು. ಒಂದು ಸಲ ಏರ್‌ಲೈನ್‌ಗೆ ಹೋದ ಪಾಯಿಂಟ್ ವಾಪಸ್ ಬರುವುದಿಲ್ಲ. ಆ ವರ್ಷ ನಾನು ಮಗಳನ್ನು ಕರೆದುಕೊಂಡು ಹೋದೆ, ಇವರು ಮಗನ ಜೊತೆ ಇಲ್ಲೇ ಉಳಿದರು. ಅಮ್ಮ ಮೊಮ್ಮಗನನ್ನು ಮತ್ತೆ ಫೋನಿನಲ್ಲೇ ನೋಡಿದರು. ಆ ಬೇಜಾರು ಇನ್ನೂ ಹೋಗಿಲ್ಲ. ಈಗ ನಾಲ್ಕೂ ಸೀಟು ಕಣ್ಣಿಗೆ ಕಂಡ ಮೇಲೆಯೇ ಕಳಿಸುತ್ತೇನೆ. ಹೆಚ್ಚಿನ ಏರ್‌ಲೈನ್‌ಗಳು ಸುಮಾರು ಹನ್ನೊಂದು ತಿಂಗಳು ಮುಂಚೆ ಬುಕಿಂಗ್ ತೆರೆಯುತ್ತವೆ, ಆಗಲೇ ನೋಡಲು ಶುರು ಮಾಡುತ್ತೇನೆ.

ಇಲ್ಲಿ ರಜೆ ಶುರುವಾಗುವುದು ಜೂನ್ ಕೊನೆಗೆ. ಅಷ್ಟರಲ್ಲಿ ಊರಲ್ಲಿ ಶಾಲೆ ಶುರುವಾಗಿ ಮಳೆ ಹಿಡಿದಿರುತ್ತದೆ. ಹೋದ ಸಲ ನಾಲ್ಕೂ ಜನ ಹೋಗಿದ್ದಾಗ ಮಗಳು ದಿನಾ ಸಂಜೆ ಜಗಲಿಯಲ್ಲಿ ಕೂತು, ನನ್ನ ಅಣ್ಣನ ಮಗಳು ಕೊಡೆ ಹಿಡಿದು ಬರುವ ದಾರಿ ನೋಡುತ್ತಿದ್ದಳು. ಇಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು, ಎರಡನೇ ವಾರಕ್ಕೆ ಅವಳ ಜೊತೆ ಚೌಕಾಬಾರದ ಕಾಯಿಗಾಗಿ ಕನ್ನಡದಲ್ಲೇ ಜಗಳ ಆಡುತ್ತಿದ್ದಳು.

ನಿಮ್ಮ ತಿಂಗಳ ದಿನಸಿ ಎಷ್ಟು, ಹತ್ತಿರದ ಏರ್‌ಪೋರ್ಟ್ ಯಾವುದು, ಮಕ್ಕಳಿಗೆ ಎಷ್ಟು ವಯಸ್ಸು ಹೇಳಿ. ಒಟ್ಟಿಗೆ ಲೆಕ್ಕ ಹಾಕೋಣ.