ವಾಲ್‌ಕೀ ಹುಡುಕಿದರೆ ಸಿಲಿಕಾನ್ ವ್ಯಾಲಿ ಬರುತ್ತಿದೆ: ಹ್ಯಾಕರ್ ನ್ಯೂಸ್ ನಿಗಾ ಸ್ಕ್ರಿಪ್ಟ್

ಕ್ಯಾಶ್_ಕಾವಲು:
ನಮಸ್ಕಾರ. ನಮ್ಮದು ಕ್ಯಾಶ್ ಸರ್ವರ್‌ಗಳನ್ನು (ಪದೇ ಪದೇ ಬೇಕಾಗುವ ಡೇಟಾವನ್ನು ಬೇಗ ಕೊಡಲು ಇಟ್ಟುಕೊಳ್ಳುವ ಸರ್ವರ್‌ಗಳು) ನಿರ್ವಹಿಸುವ ಸಣ್ಣ ಕಂಪನಿ. ಕ್ಯಾಶ್‌ಗೆ ಬಳಸುವ ರೆಡಿಸ್ ತಂತ್ರಾಂಶವನ್ನು ಬಿಟ್ಟು, ಅದರಿಂದಲೇ ಕವಲೊಡೆದ ಮುಕ್ತ ತಂತ್ರಾಂಶ ವಾಲ್‌ಕೀಗೆ ಹೋಗುವವರು ಎಲ್ಲಿ ಎಡವುತ್ತಾರೆ ಎಂಬುದು ಗೊತ್ತಾದರೆ ಮುಂದೆ ಯಾವ ಸೇವೆ ಕೊಡಬೇಕೆಂದು ತೀರ್ಮಾನಿಸಬಹುದು. ಅದಕ್ಕಾಗಿ ತಂತ್ರಜ್ಞರ ಚರ್ಚಾ ತಾಣ ಹ್ಯಾಕರ್ ನ್ಯೂಸ್‌ನಲ್ಲಿ ವಾಲ್‌ಕೀ ಪದವಿರುವ ಕಮೆಂಟ್‌ಗಳನ್ನು ಅಲ್ಗೋಲಿಯಾ ಎಂಬ ಹುಡುಕಾಟ ಸೇವೆಯ ಎಪಿಐನಲ್ಲಿ (ಪ್ರೋಗ್ರಾಂಗಳು ಮಾಹಿತಿ ಕೇಳುವ ದಾರಿ) ದಿನಾಂಕದ ಕ್ರಮದಲ್ಲಿ ಹುಡುಕಿ, ನಮ್ಮ ತಂಡದ ಸ್ಲ್ಯಾಕ್ ಚಾನೆಲ್‌ಗೆ ಕಳುಹಿಸುವ ನೋಡ್ (ಜಾವಾಸ್ಕ್ರಿಪ್ಟ್) ಸ್ಕ್ರಿಪ್ಟ್ ಬರೆದು, ನಿಗದಿತ ಸಮಯಕ್ಕೆ ತಾನಾಗಿ ಓಡುವಂತೆ ಕ್ರಾನ್‌ಗೆ ಹಾಕಿದ್ದೇನೆ. ಬರುವುದೆಲ್ಲ ಸಿಲಿಕಾನ್ ವ್ಯಾಲಿಯ ಬಾಡಿಗೆ, ಸಂಬಳದ ಮಾತು. ಸಾಲದ್ದಕ್ಕೆ ಅದೇ ಕಮೆಂಟ್‌ಗಳು ಪ್ರತಿ ಸಲವೂ ಮರಳಿ ಬರುತ್ತವೆ. ಮಾರಾಟ ತಂಡದವರು ಆ ಚಾನೆಲ್ ನೋಡುವುದನ್ನೇ ಬಿಟ್ಟಿದ್ದಾರೆ.

ಲಾಗ್_ಓದುಗ:
ವಾಲ್‌ಕೀ, ವ್ಯಾಲಿ ಎರಡನ್ನೂ ಇಂಗ್ಲಿಷ್‌ನಲ್ಲಿ ಬರೆದು ನೋಡಿ: ಎರಡೂ ಪದಗಳಿಗೆ ಆರಾರು ಅಕ್ಷರ. ನಾಲ್ಕನೆಯದಷ್ಟೇ ಬೇರೆ, ಒಂದರಲ್ಲಿ ಕೆ, ಇನ್ನೊಂದರಲ್ಲಿ ಎಲ್. ಅಲ್ಗೋಲಿಯಾ ಕಾಗುಣಿತದ ತಪ್ಪನ್ನು ತಾನಾಗಿಯೇ ಮನ್ನಿಸುತ್ತದೆ. ನಾಲ್ಕು ಅಕ್ಷರದಿಂದ ಮೇಲಿನ ಪದಕ್ಕೆ ಒಂದು ತಪ್ಪು, ಎಂಟರಿಂದ ಮೇಲೆ ಎರಡು. ಬ್ರೌಸರಿನಲ್ಲಿ ಪ್ರಸ್ತುತತೆಯ ಕ್ರಮದಲ್ಲಿ ಹುಡುಕಿದಾಗ ಸರಿಯಾದ ಪದವೇ ಮೇಲಿರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ದಿನಾಂಕದ ಕ್ರಮದಲ್ಲಿ ಮಾತ್ರ ವ್ಯಾಲಿ ಮೇಲೇರಿ ಕೂರುತ್ತದೆ. ಈ ಮನ್ನಣೆಯ ಸೆಟ್ಟಿಂಗ್ ಟೈಪೋ ಟಾಲರೆನ್ಸ್ ಅನ್ನು ಫಾಲ್ಸ್ ಮಾಡಿ, ಅಂದರೆ ನಿಲ್ಲಿಸಿ. ಮರಳಿ ಬರುವುದು ತಪ್ಪಬೇಕಾದರೆ ನ್ಯೂಮರಿಕ್ ಫಿಲ್ಟರ್ಸ್‌ನಲ್ಲಿ (ಸಂಖ್ಯೆ ನೋಡಿ ಸೋಸುವ ಆಯ್ಕೆ) ಕಳೆದ ಸಲದ ಸಮಯ ಕೊಟ್ಟು ಅದರ ನಂತರದ್ದನ್ನಷ್ಟೇ ಕೇಳಿ. ಇಲ್ಲದಿದ್ದರೆ ಪ್ರತಿ ಕರೆಗೂ ಇತ್ತೀಚಿನ 20 ಕಮೆಂಟ್‌ಗಳು ಬಂದೇ ಬರುತ್ತವೆ.

ಕ್ಯಾಶ್_ಕಾವಲು:
ವ್ಯಾಲಿಯ ಕಾಟ ತಪ್ಪಿತು ಸರ್. ಆದರೆ ಈಗ ಫಲಿತಾಂಶವೇ ಸೊನ್ನೆ, ದೋಷ ಸಂದೇಶವೂ ಇಲ್ಲ. ಸ್ಕ್ರಿಪ್ಟ್ ಹಿಂದಿನ ಸಲ ಓಡಿದಾಗಿನ ಡೇಟ್ ನೌ (ಆ ಕ್ಷಣದ ಸಮಯ) ಮೌಲ್ಯವನ್ನೇ ಕೊಡುತ್ತಿದ್ದೇನೆ.

ಲಾಗ್_ಓದುಗ:
ಜಾವಾಸ್ಕ್ರಿಪ್ಟಿನ ಡೇಟ್ ನೌ ಕೊಡುವುದು ಮಿಲಿಸೆಕೆಂಡುಗಳಲ್ಲಿ, 13 ಅಂಕಿ. ಅಲ್ಗೋಲಿಯಾದ ಸಮಯ ಸೆಕೆಂಡುಗಳಲ್ಲಿ, 10 ಅಂಕಿ. ನೀವು ಸಾವಿರಾರು ವರ್ಷಗಳಾಚೆಯ ಕಮೆಂಟ್ ಕೇಳುತ್ತಿದ್ದೀರಿ! 1000ದಿಂದ ಭಾಗಿಸಿ ದಶಮಾಂಶ ಬಿಟ್ಟುಬಿಡಿ. ಗಡಿಯಲ್ಲಿ ಯಾವುದೂ ತಪ್ಪಿಹೋಗದಂತೆ ಹತ್ತು ನಿಮಿಷ ಹಿಂದಿನಿಂದಲೇ ಕೇಳಿ, ಆಬ್ಜೆಕ್ಟ್ ಐಡಿ (ಪ್ರತಿ ಕಮೆಂಟಿನ ಸ್ವಂತ ಸಂಖ್ಯೆ) ನೋಡಿ ನಕಲುಗಳನ್ನು ತೆಗೆಯಿರಿ. ಕಮೆಂಟ್ ಹಾಕಿದವರಿಗೆ ಅದನ್ನು ತಿದ್ದಲು ಎರಡು ಗಂಟೆ ಅವಕಾಶವಿರುತ್ತದೆ. ಹಾಗಾಗಿ ವರದಿಗೆ ಸೇರಿಸುವ ಮೊದಲು ಹ್ಯಾಕರ್ ನ್ಯೂಸ್‌ನದೇ ಅಧಿಕೃತ ಫೈರ್‌ಬೇಸ್ ಎಪಿಐನಿಂದ ಇನ್ನೊಮ್ಮೆ ತರಿಸಿಕೊಳ್ಳಿ.

ಸರ್ವರ್_ಸಾಲು:
ಇಷ್ಟಾದ ಮೇಲೆ ಉಲ್ಲೇಖಗಳನ್ನು ಎಣಿಸಿ ಗ್ರಾಫ್ ಬಿಡಿಸಲು ಹೋಗಬೇಡಿ, ದಯವಿಟ್ಟು. ರೆಡಿಸ್ ತನ್ನ ಮುಕ್ತ ಪರವಾನಗಿಯನ್ನು ಬದಲಿಸಿದ್ದು 2024ರ ಮಾರ್ಚ್‌ನಲ್ಲಿ, ವಾಲ್‌ಕೀ ಹುಟ್ಟಿದ್ದೂ ಅದರಿಂದಲೇ. 2025ರ ಮೇ ತಿಂಗಳಲ್ಲಿ ರೆಡಿಸ್ 8 ಜೊತೆ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯ ಆಯ್ಕೆಯೂ ಬಂತು. ಮೊದಲನೆಯದರ ಬೆನ್ನಿಗೆ ಬಂದ ಸಿಟ್ಟನ್ನೂ ಎರಡನೆಯದರ ನಂತರದ ಮಾತನ್ನೂ ಒಂದೇ ಅಂಕಣಕ್ಕೆ ಸುರಿದರೆ ಗ್ರಾಹಕ ಇವತ್ತು ಏನನ್ನು ಯೋಚಿಸುತ್ತಿದ್ದಾನೆ ಎಂಬುದೇ ತಿಳಿಯುವುದಿಲ್ಲ. ನಿಮಗೆ ಬೇಕಾದದ್ದು "ನಾವು ಬದಲಾಯಿಸಿದೆವು, ಆದರೆ ಇಂಥ ಮಾಡ್ಯೂಲ್ (ಹೆಚ್ಚುವರಿ ಸೌಲಭ್ಯದ ಭಾಗ) ಸಿಗಲಿಲ್ಲ" ಎನ್ನುವ ಸಾಲು. ಅಂಥ ಸಾಲಿನಲ್ಲಿ ಎಷ್ಟೋ ಸಲ ವಾಲ್‌ಕೀ ಎಂಬ ಹೆಸರೇ ಇರುವುದಿಲ್ಲ, ಮೇಲಿನ ಕಮೆಂಟ್‌ನಲ್ಲಿರುತ್ತದೆ. ಆದ್ದರಿಂದ ಒಂದು ಕಮೆಂಟ್ ಸಿಕ್ಕ ಕೂಡಲೇ ಅದರ ಸ್ಟೋರಿ ಐಡಿ (ಅದು ಸೇರಿದ ಚರ್ಚೆಯ ಸಂಖ್ಯೆ) ಹಿಡಿದು ಇಡೀ ಚರ್ಚೆಯನ್ನು ಇಳಿಸಿಕೊಳ್ಳಿ.

ಕ್ಯಾಶ್_ಕಾವಲು:
1000ದಿಂದ ಭಾಗಿಸಿದೆ, ಕಮೆಂಟ್‌ಗಳು ಬರತೊಡಗಿವೆ. ಸ್ಟೋರಿ ಐಡಿಯ ಭಾಗವನ್ನು ಇಂದು ಸಂಜೆ ಸೇರಿಸುತ್ತೇನೆ. ಇಬ್ಬರಿಗೂ ಧನ್ಯವಾದ.