ಪದ ಬೇಕು (ತುರ್ತು): ಡಿಜಿಟಲ್ ಸ್ಕಲ್ಪ್ಟಿಂಗ್ ಅನ್ನು ‘ಕೆತ್ತನೆ’ ಅನ್ನಬಹುದಾ?

ಎಸ್.ಕೆ., ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಒಂದು ಕಲಾ ಪ್ರದರ್ಶನಕ್ಕೆ ಕನ್ನಡ ಫಲಕಗಳನ್ನು ಮಾಡಿಕೊಡುತ್ತಿದ್ದೇನೆ. ಗುರುವಾರ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಕಲಾವಿದೆ ಝೀಬ್ರಷ್, ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ಗಳಲ್ಲಿ ಮೂರ್ತಿ ಮಾಡುತ್ತಾರೆ. ಅದಕ್ಕೆ ಬೆಳಕು ಕೊಟ್ಟು, ಒಂದು ಕೋನದಿಂದ ಚಿತ್ರ ತೆಗೆದು, ಹತ್ತಿಯ ಕಾಗದದ ಮೇಲೆ ಪ್ರಿಂಟ್ ಹಾಕಿಸುತ್ತಾರೆ. ಗೋಡೆಯ ಮೇಲಿರುವುದೆಲ್ಲ ಕಾಗದವೇ. ಕೆಲವು ಮಕ್ಕಳ ಪುಸ್ತಕಕ್ಕೆ ಮಾಡಿದ ಚಿತ್ರಗಳು. ಮೂಲೆಯ ಮೇಜಿನ ಮೇಲೆ ರೆಸಿನ್‌ನಲ್ಲಿ (ಒಂದು ಬಗೆಯ ಪ್ಲಾಸ್ಟಿಕ್) 3ಡಿ ಪ್ರಿಂಟ್ ತೆಗೆದ ಎರಡು ಪುಟ್ಟ ಗೊಂಬೆಗಳೂ ಇವೆ.

ಸಾಫ್ಟ್‌ವೇರ್‌ನಲ್ಲಿ ಮಾಡುವ ಕೆಲಸಕ್ಕೆ ಒಂದು ಪದ ಬೇಕು. ಕಾಗದದ ಪ್ರಿಂಟಿಗೆ ಇನ್ನೊಂದು (ಇಂಗ್ಲಿಷ್ ಫಲಕದಲ್ಲಿ ‘ಜಿಕ್ಲೇ’ ಎಂದಿದೆ). ರೆಸಿನ್ ಗೊಂಬೆಗೆ ಮತ್ತೊಂದು. ಪುಸ್ತಕದ ಇಲ್ಲಸ್ಟ್ರೇಷನ್‌ಗೆ ಬರೀ ‘ಚಿತ್ರ’ ಸಾಕಾ, ಅದನ್ನೂ ಹೇಳಿ.

ಗ್ಯಾಲರಿಯವರು ಯಂತ್ರಾನುವಾದ ಮಾಡಿ ಕಳಿಸಿದ ಕರಡಿನಲ್ಲಿ ‘ಅಂಕೀಯ ಕೆತ್ತನೆ’, ‘ಕಥಾಚಿತ್ರ’ ಎಂದಿದೆ. ಎರಡನೆಯದನ್ನು ಓದಿದವರು ಟಿಕೆಟ್ ಕೌಂಟರ್ ಎಲ್ಲಿ ಅಂತ ಕೇಳುತ್ತಾರೆ.

ಹೆಚ್.ವಿ., ಮೈಸೂರು:

ಎಸ್.ಕೆ. ಅವರೇ, ಹೊಸದನ್ನು ಕಟ್ಟುವ ಮುಂಚೆ ಮನೆಯಲ್ಲಿ ಇರುವುದನ್ನು ನೋಡಿ. ‘ಕಂಡರಿಸು’ ಎಂಬ ಒಳ್ಳೆಯ ಕ್ರಿಯಾಪದ ನಮ್ಮಲ್ಲಿದೆ. ಶಾಸನಗಳ ಕೊನೆಯಲ್ಲಿ ಇಂಥ ಓಜ (ಶಿಲ್ಪಿ) ‘ಕಂಡರಿಸಿದ’ ಎಂದು ಬರುವುದನ್ನು ಇಲ್ಲಿರುವ ಎಲ್ಲರೂ ಓದಿದ್ದೀರಿ. ‘ಡಿಜಿಟಲ್ ಕಂಡರಣೆ’ ಅನ್ನಿ. ಕಲಾವಿದರಿಗೆ ‘ರೂವಾರಿ’. ಹೊಯ್ಸಳರ ಕಾಲದ ಶಾಸನಗಳಲ್ಲಿ ಶಿಲ್ಪಿಗೆ ಬಳಸಿದ ಮಾತು ಅದು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಇವರೆಲ್ಲ ತಮ್ಮ ಮೂರ್ತಿಗಳ ಕೆಳಗೆ ಹೆಸರು ಬಿಟ್ಟು ಹೋದವರು. ಕಲಾವಿದ ಕೆಲಸಕ್ಕೆ ರುಜು ಹಾಕುವುದು ಪಶ್ಚಿಮದಿಂದ ಬಂದದ್ದಲ್ಲ ಎಂದು ಫಲಕದಲ್ಲಿ ತೋರಿಸಲು ಇದೊಳ್ಳೆ ಅವಕಾಶ. ಅಚ್ಚಗನ್ನಡ ಪದ ಇದ್ದಾಗ ಬಿಡುವುದು ಯಾಕೆ?

ಬಿ.ಎನ್., ಬೆಂಗಳೂರು:

ರೂವಾರಿ ಬೇಡ. ಸುದ್ದಿಮನೆಯಲ್ಲಿ ನಾವು ಆ ಪದವನ್ನು ದಿನಾ ಬಳಸುತ್ತೇವೆ. ‘ಸ್ಫೋಟದ ರೂವಾರಿ ಸೆರೆ.’ ಸ್ವಲ್ಪ ಮರ್ಯಾದೆ ಇರುವ ಕಡೆ ‘ಯೋಜನೆಯ ರೂವಾರಿ’. ಫಲಕದಲ್ಲಿ ಕಲಾವಿದೆಯ ಹೆಸರಿನ ಮುಂದೆ ಅದನ್ನು ಹಾಕಿದರೆ ಆಕೆ ಏನು ಮಾಡಿ ಸಿಕ್ಕಿಬಿದ್ದರು ಅಂತ ಕೇಳ್ತಾರೆ.

ಇನ್ನೊಂದು. ರೂವಾರಿ ಅಚ್ಚಗನ್ನಡ ಅಲ್ಲ ಮೇಷ್ಟ್ರೇ. ರೂಪಕಾರಿ ತದ್ಭವ ಆಗಿದ್ದು.

ಕೆ.ಟಿ., ಶಿವಮೊಗ್ಗ:

ಬಿ.ಎನ್. ಹೇಳಿದ್ದು ಸರಿ. ಸಂಸ್ಕ್ರುತದ ಪದಕ್ಕೆ ಹಳೆಯ ಬಟ್ಟೆ ತೊಡಿಸಿದರೆ ಅದು ಕನ್ನಡ ಆಗುವುದಿಲ್ಲ. ‘ಕೆತ್ತು’ ಕನ್ನಡದ್ದೇ ಪದ. ಮಲಯಾಳದಲ್ಲಿ ಇದೇ ‘ಚೆತ್ತು’. ನಮ್ಮ ಕಿವಿ ಅವರಿಗೆ ಚೆವಿ ಆಗುವಂತೆ, ನಮ್ಮ ಕೆತ್ತು ಅವರಿಗೆ ಚೆತ್ತು. ಅವರು ಅದನ್ನು ತೆಂಗಿನ ಮರದಿಂದ ಕಳ್ಳು ಇಳಿಸುವುದಕ್ಕೂ ಹೇಳುತ್ತಾರೆ. ಬೇರು ಗಟ್ಟಿಯಾಗಿ ಇರುವಾಗ ‘ಶಿಲ್ಪ’, ‘ಕಲೆ’ ಎಲ್ಲ ಯಾಕೆ?

ವೆಬ್‌ಸೈಟಿಗೆ ಮಿಂಬಲೆ, ಇಮೇಲಿಗೆ ಮಿಂಚೆ ಇದ್ದ ಹಾಗೆ ‘ಮಿಂಗೆತ್ತನೆ’ ಎನ್ನಿ. ಜಿಕ್ಲೇಗೆ ‘ಚಿಮ್ಮಚ್ಚು’. ಪ್ರೆಂಚಿನಲ್ಲಿ ಅದರ ಬೇರು ಶಾಯಿ ಚಿಮ್ಮುವುದು ಎಂದೇ. 3ಡಿ ಪ್ರಿಂಟಿಗೆ ‘ಪದರಚ್ಚು’. ಪದರದ ಮೇಲೆ ಪದರ ಕೂರಿಸುವುದರಿಂದ ಆ ಹೆಸರು. ಕಲ್ಲಿನಿಂದ ಒತ್ತುವ ಲಿತೋಗೆ ‘ಕಲ್ಲಚ್ಚು’ ಎಂದಾಗ ಯಾರೂ ತಕರಾರು ಮಾಡಲಿಲ್ಲ.

ಬಿ.ಎನ್., ಬೆಂಗಳೂರು:

ಮಿಂಗೆತ್ತನೆ ಅಂದ್ರೆ ಮಿಂದು ಬಂದು ಕೆತ್ತೋದಾ? ಮಡಿ ಶಿಲ್ಪ!

ಚಿಮ್ಮಚ್ಚು ಪರವಾಗಿಲ್ಲ. ಆದರೆ ಜಿಕ್ಲೇ ಪದದ ಕಥೆ ಗೊತ್ತಿರಲಿ. ಅಮೆರಿಕದ ಪ್ರಿಂಟ್‌ಮೇಕರ್ ಜ್ಯಾಕ್ ಡುಗಾನ್ 1991ರಲ್ಲಿ ಇಟ್ಟ ಹೆಸರು ಅದು. ಇಂಕ್‌ಜೆಟ್ ಅಂದರೆ ಜನಕ್ಕೆ ಆಫೀಸಿನ ಪ್ರಿಂಟರ್ ನೆನಪಾಗುತ್ತೆ, ಅದಕ್ಕೊಂದು ಗೌರವದ ಹೆಸರು ಬೇಕಿತ್ತು. ಫ್ರೆಂಚರ ಆಡುಮಾತಿನಲ್ಲಿ ಅದಕ್ಕೆ ಪೋಲಿ ಅರ್ಥವೂ ಇದೆ, ಇಲ್ಲಿ ಬಿಡಿಸಿ ಹೇಳಲ್ಲ. ಮಾರುಕಟ್ಟೆಯವರು ಮುಚ್ಚಿಟ್ಟಿದ್ದನ್ನು ನೀವು ಚಿಮ್ಮಿಸಿ ತೋರಿಸ್ತಿದ್ದೀರಿ. ಕಲಾವಿದೆ ಒಪ್ಪುತ್ತಾರಾ ಅಂತ ಮೊದಲು ಕೇಳಿ.

ಎಂ.ಜೆ., ಧಾರವಾಡ:

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಇಲ್ಲಿ ಯಾರೂ ಆ ಸಾಫ್ಟ್‌ವೇರ್ ತೆರೆದು ನೋಡಿದ ಹಾಗೆ ಕಾಣುವುದಿಲ್ಲ. ನಾನು ಮಣ್ಣಿನಲ್ಲೂ ಕೆಲಸ ಮಾಡುತ್ತೇನೆ, ಅದರಲ್ಲೂ ಮಾಡುತ್ತೇನೆ. ಹೀಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೆತ್ತುವುದು ಅಂದರೆ ತೆಗೆಯುವುದು. ಕಲ್ಲಿನಿಂದ ಚಾಣ ಹಾರಿಸಿದ ಚಕ್ಕೆ ಮತ್ತೆ ಕೂರುವುದಿಲ್ಲ. ಡಿಜಿಟಲ್ ಸ್ಕಲ್ಪ್ಟಿಂಗ್‌ನಲ್ಲಿ ಆಗುವುದು ಹೆಚ್ಚುಕಡಿಮೆ ಇದಕ್ಕೆ ಉಲ್ಟಾ. ಒಂದು ಗೋಲದಿಂದ ಶುರು ಮಾಡುತ್ತೀರಿ. ಪೆನ್ನಿನಿಂದ ಎಳೆದರೆ ಮೇಲ್ಮೈ ಉಬ್ಬುತ್ತದೆ. ತಗ್ಗಬೇಕು ಅಂದರೆ ಝೀಬ್ರಷ್‌ನಲ್ಲಿ ಆಲ್ಟ್ ಒತ್ತಬೇಕು, ಬ್ಲೆಂಡರ್‌ನಲ್ಲಿ ಕಂಟ್ರೋಲ್. ಎರಡರಲ್ಲೂ ಶಿಫ್ಟ್ ಒತ್ತಿದರೆ ನುಣುಪಾಗುತ್ತದೆ. ಅಂದರೆ ಏನೂ ಒತ್ತದೆ ಬಿಟ್ಟರೆ ಅದರ ಸಹಜ ಕೆಲಸವೇ ಸೇರಿಸುವುದು. ಬ್ರಷ್‌ಗಳ ಹೆಸರು ನೋಡಿ: ಕ್ಲೇ, ಗ್ರ್ಯಾಬ್, ಇನ್‌ಫ್ಲೇಟ್, ಪಿಂಚ್. ಮೆತ್ತುವುದು, ಹಿಡಿದು ಎಳೆಯುವುದು, ಉಬ್ಬಿಸುವುದು, ಚಿವುಟುವುದು. ಅದರಲ್ಲಿ ಉಳಿ ಸುತ್ತಿಗೆ ಎಲ್ಲಿವೆ?

ಈ ಗುಣ ಬಲವಾಗಿದ್ದು 2011ರಲ್ಲಿ ಝೀಬ್ರಷ್‌ಗೆ ಡೈನಾಮೆಶ್ ಬಂದಮೇಲೆ. ಮೂರ್ತಿಯ ಮೇಲ್ಮೈ ಅಂದರೆ ಚೌಕ, ತ್ರಿಕೋನಗಳ ಒಂದು ಬಲೆ. ಗೋಲದಿಂದ ಮೂಗು ಎಳೆದರೆ ಆ ಜಾಗದಲ್ಲಿ ಬಲೆ ಹಿಗ್ಗಿ ಹರಕಲಾಗುತ್ತದೆ, ಅಲ್ಲಿ ಸೂಕ್ಷ್ಮ ಕೆಲಸ ಕೂರುವುದಿಲ್ಲ. ಡೈನಾಮೆಶ್ ಆ ಬಲೆಯನ್ನು ಮತ್ತೆ ಒಂದೇ ಸಮನಾಗಿ ಹೆಣೆದುಬಿಡುತ್ತದೆ. ಎರಡು ಮುದ್ದೆ ಒತ್ತಿದರೆ ಒಂದೇ ಮುದ್ದೆ ಆಗುತ್ತದೆ. ಕಲ್ಲಿನಲ್ಲಿ ಇದು ಸಾಧ್ಯವಾ?

ಕನ್ನಡದಲ್ಲಿ ಮೂರ್ತಿ ಮಾಡುವುದಕ್ಕೆ ಕೆತ್ತನೆ ಒಂದೇ ದಾರಿ ಅಂತ ಯಾರು ಹೇಳಿದರು? ಕೊಪ್ಪಳದ ಹತ್ತಿರ ಕಿನ್ನಾಳಕ್ಕೆ ಹೋಗಿ. ಅಲ್ಲಿನ ಚಿತ್ರಗಾರರು ಮರದ ಗೊಂಬೆಯ ಮೇಲೆ ‘ಕಿಟ್ಟ’ ಹಾಕಿ ಆಕಾರ ತುಂಬುತ್ತಾರೆ. ಗೋಣಿನಾರಿನ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಮುದ್ದೆ ಅದು. ಅದಕ್ಕೆ ಅವರು ಕೆತ್ತಿದೆ ಅನ್ನುವುದಿಲ್ಲ. ಮೆತ್ತು, ತಿದ್ದು, ತೀಡು ಇವೇ ಇಲ್ಲಿ ಹೊಂದುವ ಮಾತು. ‘ತಿದ್ದು’ ನನಗೆ ಹೆಚ್ಚು ಇಷ್ಟ. ಅಕ್ಷರವನ್ನೂ ತಿದ್ದುತ್ತೇವೆ, ಮಣ್ಣನ್ನೂ ತಿದ್ದುತ್ತೇವೆ, ಕಂಪ್ಯೂಟರ್‌ನಲ್ಲೂ ತಪ್ಪನ್ನು ವಾಪಸ್ ತಗೊಂಡು ತಿದ್ದುತ್ತೇವೆ.

ಇನ್ನು ಕಾಗದದ ವಿಚಾರ. ಇದನ್ನು ಎಲ್ಲರೂ ಮರೆತಿದ್ದೀರಿ. ಝೀಬ್ರಷ್ ಅನ್ನು 1999ರಲ್ಲಿ ಮೊದಲು ತೋರಿಸಿದಾಗ ಅದು ಚಿತ್ರ ಬರೆಯುವ ಸಾಫ್ಟ್‌ವೇರ್ ಆಗಿತ್ತು, ಮೂರ್ತಿ ಮಾಡುವುದಲ್ಲ. ಪಿಕ್ಸೆಲ್ (ಚಿತ್ರದ ಒಂದು ಚುಕ್ಕೆ) ಬದಲು ‘ಪಿಕ್ಸಾಲ್’. ಪಿಕ್ಸೆಲ್‌ನಲ್ಲಿ ಬಣ್ಣ ಮಾತ್ರ ಇದ್ದರೆ, ಪಿಕ್ಸಾಲ್‌ನಲ್ಲಿ ಆಳ, ಯಾವ ಕಡೆ ಮುಖ ಮಾಡಿದೆ, ಯಾವ ವಸ್ತುವಿನ ಹೊಳಪು ಎಂಬುದೂ ಇರುತ್ತದೆ. ಬ್ರಷ್ ಎಳೆದರೆ ಬಣ್ಣದ ಜತೆ ದಪ್ಪವೂ ಬರುತ್ತದೆ, ಬೆಳಕಿನ ದಿಕ್ಕು ಬದಲಿಸಿದರೆ ನೆರಳೂ ಬದಲಾಗುತ್ತದೆ. ಆದರೆ ಹಾಳೆಯ ಮೇಲೆ ಒಮ್ಮೆ ಇಟ್ಟಿದ್ದನ್ನು ತಿರುಗಿಸಿ ಹಿಂದುಗಡೆ ನೋಡಲು ಬರುವುದಿಲ್ಲ. ಇದಕ್ಕೆ ಅವರು ಎರಡೂವರೆ ಆಯಾಮ ಅನ್ನುತ್ತಾರೆ. ನಮ್ಮ ದೇವಸ್ಥಾನದ ಗೋಡೆಯ ಉಬ್ಬುಶಿಲ್ಪ ಇನ್ನೇನು ಮತ್ತೆ? ಪುಸ್ತಕದ ಚಿತ್ರ ಮಾಡುವವರಿಗೆ ಇವತ್ತಿಗೂ ಇದು ಸಾಕು. ಓದುವವನು ಪುಟದ ಹಿಂದೆ ಹೋಗಿ ಗೊಂಬೆಯ ಬೆನ್ನು ನೋಡುವುದಿಲ್ಲವಲ್ಲ.

ಎಸ್.ಕೆ. ಅವರೇ, ನಿಮ್ಮ ಕಲಾವಿದೆ ಅಲ್ಲಿಗೇ ನಿಲ್ಲಿಸಿರಲಿಕ್ಕಿಲ್ಲ ಅನ್ನೋದು ನನ್ನ ಊಹೆ. ಸಾಮಾನ್ಯವಾಗಿ ನೆರಳು, ಆಳ, ಮಾಸ್ಕ್ (ಯಾವ ಭಾಗ ಎಲ್ಲಿದೆ ಎಂದು ಗುರುತಿಸುವ ಚಿತ್ರ) ಎಲ್ಲ ಬೇರೆ ಬೇರೆ ಚಿತ್ರವಾಗಿ ಹೊರಗೆ ತೆಗೆದು, ಫೋಟೋಶಾಪ್‌ನಲ್ಲಿ ಒಂದರ ಮೇಲೊಂದು ಇಟ್ಟು, ಮೇಲೆ ಕೈಯಿಂದ ಬಣ್ಣ ತುಂಬುತ್ತಾರೆ. ಎ3 ಹಾಳೆಗೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಅಂದರೆ 3508×4961 ಪಿಕ್ಸೆಲ್ ಬೇಕು. ಮೊದಲೇ ಆ ಅಳತೆಯಲ್ಲಿ ಶುರು ಮಾಡದೆ ಆಮೇಲೆ ಹಿಗ್ಗಿಸಿದರೆ ಚರ್ಮದ ಸುಕ್ಕು, ಕೂದಲು ಎಲ್ಲ ಕಲಸಿಹೋಗುತ್ತವೆ. ಪುಸ್ತಕಕ್ಕೆ ಆಫ್‌ಸೆಟ್ ಮುದ್ರಣಕ್ಕೆ ಹೋದರೆ ಪರದೆಯ ಮೇಲೆ ಮಿಂಚುತ್ತಿದ್ದ ನೀಲಿ, ಹಸಿರು ನಾಲ್ಕು ಶಾಯಿಯಲ್ಲಿ ಮಂಕಾಗಿ ಬರುತ್ತವೆ. ಅದೇ ಚಿತ್ರ ಹತ್ತಿಯ ಕಾಗದದ ಮೇಲೆ ಪಿಗ್ಮೆಂಟ್ (ಬಣ್ಣದ ನುಣ್ಣನೆ ಪುಡಿ ಬೆರೆಸಿದ) ಶಾಯಿಯಲ್ಲಿ ಬೇರೆ ಥರ ಕಾಣುತ್ತದೆ. ಹೀಗಾಗಿ ಗೋಡೆಯ ಪ್ರಿಂಟಿಗೂ ಪುಸ್ತಕದ ಪುಟಕ್ಕೂ ಫಲಕದಲ್ಲಿ ಒಂದೇ ಪದ ಹಾಕಬೇಡಿ.

ಗೋಡೆಯ ಮೇಲಿನದಕ್ಕೆ ‘ಡಿಜಿಟಲ್ ಶಿಲ್ಪ’ ಅಂತಲೂ ಬೇಡ. ನೋಡುವವರು ಶಿಲ್ಪ ಎಲ್ಲಿ ಅಂತ ಹುಡುಕುತ್ತಾರೆ. ಅಲ್ಲಿರುವುದು ಚಿತ್ರ. ಶಿಲ್ಪ ಅದನ್ನು ಮಾಡಿದ ದಾರಿ.

ಹೆಚ್.ವಿ., ಮೈಸೂರು:

ಎಂ.ಜೆ. ಅವರ ಮಾತು ಉಪಯುಕ್ತ. ಆದರೆ ಪದದ ಮೂಲಾರ್ಥಕ್ಕೆ ಇಷ್ಟು ಜೋತುಬೀಳುವುದು ಸರಿಯಲ್ಲ. ಇಂಗ್ಲಿಷಿನ ಸ್ಕಲ್ಪ್ಟ್ ಕೂಡ ಲ್ಯಾಟಿನ್‌ನಲ್ಲಿ ಕೆತ್ತು ಎಂಬ ಧಾತುವಿನಿಂದಲೇ ಬಂದದ್ದು. ಅವರು ಮಣ್ಣಿಗೂ ಅದನ್ನೇ ಹೇಳುತ್ತಾರೆ. ಅವರ ಪದಕ್ಕೆ ಅರ್ಥ ಹಿಗ್ಗಬಹುದು, ನಮ್ಮ ಕಂಡರಿಸುವಿಗೆ ಹಿಗ್ಗಬಾರದೇ?

‘ಸಂಸ್ಕ್ರುತ’, ‘ಪ್ರೆಂಚು’ ಎಂದು ಬರೆಯುವ ಕೆ.ಟಿ. ಅವರ ಕಾಗುಣಿತದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಈ ಚರ್ಚಾಪಟ್ಟಿಯಲ್ಲಿ ಅದರ ಜಗಳ ಬೇಕಾದಷ್ಟು ಆಗಿದೆ.

ಕೆ.ಟಿ., ಶಿವಮೊಗ್ಗ:

ಹೇಳುವುದಿಲ್ಲ ಎಂದು ಹೇಳಿಯೇ ಬಿಟ್ಟಿರಿ. ಜನ ನುಡಿಯುವ ಹಾಗೆ ಬರೆದರೆ ನಿಮಗೆ ತೊಂದರೆ, ಜನ ಮರೆತ ಪದ ತಂದರೆ ಅದು ಪರಂಪರೆ. ಎಂ.ಜೆ. ಅವರ ‘ತಿದ್ದು’ ಒಪ್ಪಿದೆ, ಅದೂ ಕನ್ನಡದ್ದೇ. ಹಾಗಾದರೆ ಮಿಂದಿದ್ದು.

ಬಿ.ಎನ್., ಬೆಂಗಳೂರು:

ಮತ್ತೆ ಸ್ನಾನ.

ಪಿ.ಜಿ., ಹುಬ್ಬಳ್ಳಿ:

ಇವರಿಗೆ ಗುರುವಾರ ಫಲಕ ಬೇಕಾಗಿದೆ. ನೀವು ಹೊಯ್ಸಳರಿಂದ ಹಿಡಿದು ಕಳ್ಳಿನ ತನಕ ಹೋಗಿ ಬಂದಿರಿ.

ಎರವಲು ಅಂದರೆ ಯಾಕಿಷ್ಟು ಉರಿ? ಆ ಫಲಕ ಯಾವುದರ ಮೇಲೆ ಪ್ರಿಂಟ್ ಆಗುತ್ತದೆ? ಕಾಗದ. ಅದು ಪಾರಸಿಯಿಂದ ಬಂತು. ಗೊಂಬೆ ಕೂತ ಮೇಜೂ ಹೊರಗಿನದೇ. ನೋಡಲು ಬಂದ ಅಜ್ಜನಿಗೆ ಹಾಕುವ ಕುರ್ಚಿ ಅರಬ್ಬಿಯಿಂದ ಬಂದದ್ದು, ಗ್ಯಾಲರಿ ಬೀಗದ ಚಾವಿ ಪೋರ್ಚುಗೀಸರದು. ನಮ್ಮ ಕಡೆ ಹಿರಿಯರು ಪ್ರೆಸ್ಸಿಗೆ ಛಾಪಖಾನೆ ಅಂತಿದ್ದರು, ಯಾರ ಕನ್ನಡವೂ ಸಾಯಲಿಲ್ಲ. ‘ಡಿಜಿಟಲ್’ ಹಾಗೇ ಇರಲಿ. ‘ಅಂಕೀಯ’ ಅಂದರೆ ಪರೀಕ್ಷೆಯ ಮಾರ್ಕ್ಸು ಅಂದುಕೊಳ್ಳುತ್ತಾರೆ.

ಅಚ್ಚಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಅಚ್ಚು ಅಂದರೆ ಮುದ್ರಣವೂ ಹೌದು, ಗಣಪತಿಯನ್ನು ಒತ್ತಿ ತೆಗೆಯುವ ಅಚ್ಚೂ ಹೌದು. ರೆಸಿನ್ ಗೊಂಬೆಗೆ ‘ಅಚ್ಚು’ ಅಂದರೆ ಬೊಂಬೆಯನ್ನು ಅಚ್ಚಿನಲ್ಲಿ ಎರಕ ಹೊಯ್ದದ್ದು ಎಂದೇ ಓದುವವರು ತಿಳಿಯುವುದು. ಆದರೆ 3ಡಿ ಪ್ರಿಂಟಿಗೆ ಅಚ್ಚೇ ಬೇಕಿಲ್ಲ, ಅದರ ವಿಶೇಷವೇ ಅದು. ಕೆ.ಟಿ. ಅವರ ಪದರಚ್ಚು ಅಲ್ಲೇ ಎಡವುತ್ತದೆ. ಕಲ್ಲಚ್ಚು ಬೇರೆ ಮಾತು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ ಬಂದಾಗ ಅಲ್ಲಿ ನಿಜವಾಗಿಯೂ ಕಲ್ಲಿತ್ತು, ಅದರಿಂದ ಒತ್ತುತ್ತಿದ್ದರು.

ಎಸ್.ಕೆ., ಬೆಂಗಳೂರು:

ಎಲ್ಲರಿಗೂ ಥ್ಯಾಂಕ್ಸ್, ಬೈಸಿಕೊಂಡವರಿಗೂ. ಕಲಾವಿದೆಗೆ ಫೋನ್ ಮಾಡಿ ಕೇಳಿದೆ. ಎಂ.ಜೆ. ಹೇಳಿದ ಹಾಗೇ, ಫೋಟೋಶಾಪ್‌ನಲ್ಲಿ ಮೇಲೆ ಕೈಕೆಲಸ ಇದೆ. ‘ಕೆತ್ತನೆ ಅನ್ನಬೇಡಿ, ನನಗೆ ಉಳಿ ಹಿಡಿಯಲು ಬರುವುದಿಲ್ಲ’ ಎಂದರು. ‘ಜಿಕ್ಲೇ’ ಕೂಡ ಬೇಡ ಅಂದರು, ಬಿ.ಎನ್. ಹೇಳಿದ ಪೋಲಿ ಅರ್ಥ ಅವರಿಗೆ ಮೊದಲೇ ಗೊತ್ತಿತ್ತಂತೆ. ಕಳಿಸುತ್ತಿರುವುದು ಹೀಗೆ:

ಗೋಡೆಗೆ: ‘ಕಂಪ್ಯೂಟರ್‌ನಲ್ಲಿ ತಿದ್ದಿದ ಮೂರ್ತಿಯ ಚಿತ್ರ. ಹತ್ತಿಯ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯ ಮುದ್ರಣ.’

ಪುಸ್ತಕದ್ದಕ್ಕೆ: ‘ಮಕ್ಕಳ ಪುಸ್ತಕದ ಚಿತ್ರ. ಝೀಬ್ರಷ್ ಮತ್ತು ಕೈಬಣ್ಣ.’

ಗೊಂಬೆಗೆ: ‘ರೆಸಿನ್, 3ಡಿ ಪ್ರಿಂಟ್.’

ದೊಡ್ಡ ಫಲಕದ ತಲೆಬರಹಕ್ಕೆ ಮಾತ್ರ ‘ಡಿಜಿಟಲ್ ಶಿಲ್ಪದಿಂದ ಚಿತ್ರಕ್ಕೆ’. ಹೆಚ್.ವಿ. ಸರ್, ಪರಿಚಯದ ಬರಹದಲ್ಲಿ ಮಲ್ಲಿತಮ್ಮನ ರುಜುವಿನ ಮಾತು ಸೇರಿಸಿದ್ದೇನೆ.

ಹೆಚ್.ವಿ., ಮೈಸೂರು:

ಸಂತೋಷ. ‘ಕೈಬಣ್ಣ’ ಎಂಬ ಸಮಾಸ ನನಗೆ ಒಗ್ಗಲಿಲ್ಲ. ಕೈಗೆ ಹಚ್ಚುವ ಬಣ್ಣ ಎಂದಾಗುತ್ತದೆ.

ಕೆ.ಟಿ., ಶಿವಮೊಗ್ಗ:

ಕೈಮಗ್ಗ, ಕೈಬರಹ ಇರುವಾಗ ಕೈಬಣ್ಣಕ್ಕೆ ಏನು ಕುಂದು? ನನ್ನ ತಕರಾರು ಬೇರೆ. ‘ಝೀಬ್ರಶ್’ ಎಂದು ಮಹಾಪ್ರಾಣ ಯಾಕೆ? ಆ ಇಂಗ್ಲಿಶ್ ಅಕ್ಶರದಲ್ಲಿ ಮಹಾಪ್ರಾಣ ಎಲ್ಲಿದೆ?

ಬಿ.ಎನ್., ಬೆಂಗಳೂರು:

ಇದೊಂದರಲ್ಲಿ ಕೆ.ಟಿ. ಪರ. ಜೀಬ್ರಾ ಬರೆಯುವಾಗ ಎಷ್ಟೋ ಜನ ಝ ಹಾಕಲ್ಲ. ‘ಜೀಬ್ರಷ್’ ಮಾಡಿ ಕಳಿಸಿಬಿಡಿ.

ಎಸ್.ಕೆ., ಬೆಂಗಳೂರು:

ಮಾಡಿದೆ. ಕೈಬಣ್ಣ ಹಾಗೇ ಇದೆ. ಫೈಲ್ ಹೋಯಿತು.